ಬ್ರೈನ್‌ಚಿಪ್: ಚಿಪ್‌ಗೆ ಒಂದು ಅಂಕ, ಷೇರಿಗೆ ಬೇರೆಯೇ ಅಂಕ

ಮೆದುಳಿನ ರೀತಿಯಿಂದ ಪ್ರೇರಣೆ ಪಡೆದ, ಕಡಿಮೆ ವಿದ್ಯುತ್ತಿನ ಎಐ ಚಿಪ್ ವಿನ್ಯಾಸ ಮಾಡುವ ಕಂಪನಿ ಬ್ರೈನ್‌ಚಿಪ್ 2015ರಿಂದ ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿದೆ. ಅದರ ಅಕಿಡಾ ಚಿಪ್ ಕೊಂಡವರಿಗಿಂತ ಷೇರು ಕೊಂಡ ಸಣ್ಣ ಹೂಡಿಕೆದಾರರೇ ಹೆಚ್ಚು. ಅವರಲ್ಲಿ ಬಹಳ ಮಂದಿ ಚಿಪ್‌ನ ಗುಣ ನೋಡಿ ಷೇರಿನ ಮೇಲೆ ನಂಬಿಕೆ ಇಟ್ಟವರು. ಇವೆರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು.

ಮೊದಲು ಚಿಪ್. ಅಕಿಡಾದ ಎಕೆಡಿ1000 ಚಿಪ್ ಕೂತಿರುವ ಎಂ.2 ಕಾರ್ಡ್ (ಕಂಪ್ಯೂಟರಿನೊಳಗೆ ಸಿಕ್ಕಿಸುವ ಚಿಕ್ಕ ಕಾರ್ಡ್) 2025ರ ಜನವರಿಯಲ್ಲಿ 249 ಅಮೆರಿಕನ್ ಡಾಲರ್‌ಗೆ ಬಂತು. ಸುಮಾರು 1 ವಾಟ್ ವಿದ್ಯುತ್ ಸಾಕು. ಸೊನ್ನೆಯಾಗಿರುವ ಸಂಖ್ಯೆಗಳ ಮೇಲೆ ಲೆಕ್ಕವನ್ನೇ ಮಾಡದಿರುವುದು ಈ ಉಳಿತಾಯದ ಗುಟ್ಟು. ಕೆರಾಸ್ ಎಂಬ ಎಐ ತಂತ್ರಾಂಶದಲ್ಲಿ ಮಾಡೆಲ್ ತರಬೇತಿ ಮಾಡಿ, ಕ್ವಾಂಟೈಸ್ ಮಾಡಿ (ಅದರ ಸಂಖ್ಯೆಗಳನ್ನು ಕಡಿಮೆ ಬಿಟ್‌ಗೆ ಇಳಿಸಿ), ಮತ್ತೆ ಸ್ವಲ್ಪ ತರಬೇತಿ ಕೊಟ್ಟು, ಅಕಿಡಾ ರೂಪಕ್ಕೆ ಬದಲಿಸಿ, ಕೊನೆಗೆ ಕಾರ್ಡ್‌ಗೆ ಮ್ಯಾಪ್ ಮಾಡಬೇಕು. ತೊಡಕು ಶುರುವಾಗುವುದು ಕ್ವಾಂಟೈಸ್ ಹಂತದಲ್ಲಿ. ಈ ಚಿಪ್‌ನಲ್ಲಿ ತೂಕಗಳು, ಅಂದರೆ ಮಾಡೆಲ್ ಕಲಿತಿಟ್ಟ ಸಂಖ್ಯೆಗಳು, ಹೆಚ್ಚೆಂದರೆ 4 ಬಿಟ್ (ಮೊದಲ ಪದರಕ್ಕೆ ಮಾತ್ರ 8), ಹಾಗಾಗಿ ಮರುತರಬೇತಿ ಬಿಟ್ಟರೆ ನಿಖರತೆ ಕುಸಿಯುತ್ತದೆ. ರೆಸ್‌ನೆಟ್ ಮಾದರಿಯ ಸ್ಕಿಪ್ ಕನೆಕ್ಷನ್ (ನಡುವಿನ ಪದರ ಹಾರಿ ಮುಂದಕ್ಕೆ ಹೋಗುವ ಜೋಡಣೆ) ಇದ್ದರೆ ಚಿಪ್ ಒಪ್ಪುವುದಿಲ್ಲ, ಚಾಟ್‌ಬಾಟ್‌ಗಳ ಹಿಂದಿರುವ ಟ್ರಾನ್ಸ್‌ಫಾರ್ಮರ್ ಮಾಡೆಲ್ ಕೇಳಲೇಬೇಡಿ. ಚಿಪ್ ಮೇಲೆಯೇ ಕಲಿಯುತ್ತದೆ ಎಂಬ ಪ್ರಚಾರ ನಿಜ, ಆದರೆ ಕಲಿಯುವುದು ಕೊನೆಯ ಪದರ ಮಾತ್ರ. ಧ್ವನಿಯಲ್ಲಿ ಒಂದು ಪದ ಗುರುತಿಸುವುದು, ಚಿಕ್ಕ ಚಿತ್ರಗಳನ್ನು ವಿಂಗಡಿಸುವುದು ಇಂಥ ಕೆಲಸಕ್ಕೆ ಕಾರ್ಡ್ ಚೆನ್ನಾಗಿದೆ. ಐದಕ್ಕೆ ಮೂರೂವರೆ.

ಇನ್ನು ಷೇರು. 2022ರ ಜನವರಿಯಲ್ಲಿ ಮರ್ಸಿಡಿಸ್ ತನ್ನ ಇಕ್ಯೂಎಕ್ಸ್‌ಎಕ್ಸ್ ಮಾದರಿ ಕಾರಿನಲ್ಲಿ ಅಕಿಡಾ ಬಳಸಿದ್ದನ್ನು ಹೇಳಿದ ಮೇಲೆ ಬೆಲೆ 2.34 ಆಸ್ಟ್ರೇಲಿಯನ್ ಡಾಲರ್ ಮುಟ್ಟಿತು. 2024ರ ನಡುವಿಗೆ ಅದೇ ಷೇರು 25 ಸೆಂಟ್ ಆಸುಪಾಸಿಗೆ ಇಳಿದಿತ್ತು. ಇಕ್ಯೂಎಕ್ಸ್‌ಎಕ್ಸ್ ಪ್ರದರ್ಶನದ ಕಾರು, ಮಾರಾಟದ್ದಲ್ಲ. ಆದಾಯದ ಲೆಕ್ಕ ನೋಡಿ: 2022ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್, 2023ರಲ್ಲಿ 2.3 ಲಕ್ಷ, 2024ರಲ್ಲಿ ಸುಮಾರು 4 ಲಕ್ಷ. 2024ರ ನಷ್ಟ 2 ಕೋಟಿ 40 ಲಕ್ಷದ ಆಸುಪಾಸು. ಚಿಪ್ ವಿನ್ಯಾಸ ಬಳಸಲು ಬೇರೆ ಕಂಪನಿಗಳು ಕೊಡುವ ಲೈಸೆನ್ಸ್ ಶುಲ್ಕ ಒಂದು ಸಲ ಬಂದು ನಿಲ್ಲುತ್ತದೆ. ರಾಯಲ್ಟಿ ಬರಬೇಕಾದರೆ ಲೈಸೆನ್ಸ್ ಪಡೆದವರು ತಮ್ಮ ಚಿಪ್ ತಯಾರಿಸಿ, ಅದು ಯಾವುದೋ ಸಾಧನದೊಳಗೆ ಸೇರಿ ಮಾರಾಟವಾಗಬೇಕು. ಇದಕ್ಕೆ ವರ್ಷಗಳು ಹಿಡಿಯುತ್ತವೆ.

ಹಾಗಾಗಿ ಪಾಲುದಾರಿಕೆಯ ಸುದ್ದಿ ಬಿಟ್ಟು, ಪ್ರತಿ ತ್ರೈಮಾಸಿಕ ಮುಗಿದು ಒಂದು ತಿಂಗಳೊಳಗೆ ಕಂಪನಿ ಷೇರುಪೇಟೆಗೆ ಕೊಡುವ ನಗದು ವರದಿ ಅಪೆಂಡಿಕ್ಸ್ 4ಸಿ ತೆರೆಯಿರಿ. ಸಾಲು 1.1 ಗ್ರಾಹಕರಿಂದ ಕೈಗೆ ಬಂದ ಹಣ. ಸಾಲು 4.6 ಉಳಿದಿರುವ ನಗದು. ಸಾಲು 8.5 ಈ ದುಡ್ಡು ಇನ್ನೆಷ್ಟು ತ್ರೈಮಾಸಿಕಕ್ಕೆ ಬರುತ್ತದೆ ಎಂಬ ಅಂದಾಜು. ಅದು ಎರಡಕ್ಕಿಂತ ಕಡಿಮೆಯಾದರೆ ಹಣ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ಕಂಪನಿ ಅಲ್ಲೇ ಉತ್ತರ ಬರೆಯಬೇಕು. ಜೊತೆಗೆ ಅಪೆಂಡಿಕ್ಸ್ 2ಎ ಎಷ್ಟು ಸಲ ಬಂತು ಎಂದೂ ಎಣಿಸಿ: ಪೇಟೆಗೆ ಹೊಸ ಷೇರು ಬಂದಾಗಲೆಲ್ಲ ಅದು ಬರುತ್ತದೆ. ಹೂಡಿಕೆ ಸಂಸ್ಥೆ ಎಲ್‌ಡಿಎ ಕ್ಯಾಪಿಟಲ್ ಜೊತೆಗಿನ 2020ರ ಒಪ್ಪಂದದಂಥ ವ್ಯವಸ್ಥೆಯಲ್ಲಿ ಹಣ ಹಾಕುವವರಿಗೆ ಷೇರು ಪೇಟೆಯ ಸರಾಸರಿಗಿಂತ ಅಗ್ಗವಾಗಿ ಸಿಗುತ್ತದೆ, ನಿಮ್ಮ ಪಾಲು ಮಾತ್ರ ತೆಳುವಾಗುತ್ತದೆ. ಚಿಪ್ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ.

ನಂಬಿಕೆ ಕರಗಿದ್ದಕ್ಕೆ ದಾಖಲೆಯೂ ಇದೆ. ಅಧಿಕಾರಿಗಳ ಸಂಬಳದ ವರದಿಗೆ 25 ಶೇಕಡಾ ಅಥವಾ ಹೆಚ್ಚು ಮತ ವಿರುದ್ಧ ಬಿದ್ದರೆ ಆಸ್ಟ್ರೇಲಿಯಾದ ಕಾನೂನಿನಲ್ಲಿ ಅದು ಒಂದು ಸ್ಟ್ರೈಕ್. 2023 ಮತ್ತು 2024ರಲ್ಲಿ ಸಾಲಾಗಿ ಎರಡು ಬಿದ್ದವು. ಆದರೂ ನಿರ್ದೇಶಕ ಮಂಡಳಿಯನ್ನು ಇಳಿಸುವ ನಿರ್ಣಯ ಸೋತಿತು. ಸಿಟ್ಟಿದೆ, ಬಿಟ್ಟುಹೋಗುವ ಮನಸ್ಸಿಲ್ಲ. ಷೇರಿಗೆ ಐದಕ್ಕೆ ಒಂದೂವರೆ, ಅದೂ 1.1ನೇ ಸಾಲು ಸತತವಾಗಿ ನಾಲ್ಕು ತ್ರೈಮಾಸಿಕ ಏರಿದರೆ ಮರುಪರಿಶೀಲನೆಗೆ ಒಳಪಟ್ಟು.

ನಮ್ಮ ಕಡೆಯವರಿಗೆ ಇನ್ನೆರಡು ಮಾತು. ಬೆಂಗಳೂರಿನ ಟಾಟಾ ಎಲೆಕ್ಸಿ 2023ರಲ್ಲಿ ಬ್ರೈನ್‌ಚಿಪ್ ಜೊತೆ ಕೈಜೋಡಿಸಿತು; ಅದನ್ನು ಆರ್ಡರ್ ಎಂದು ಓದಬೇಡಿ. ಭಾರತದಿಂದ ಕೊಳ್ಳುವವರು ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ) ಮೂಲಕವೇ ಹಣ ಕಳಿಸಬೇಕು. ಕೆಲವು ಸೆಂಟ್ ಬೆಲೆಯ ಷೇರಿನಲ್ಲಿ ಕರೆನ್ಸಿ ಬದಲಾವಣೆಯ ಕಡಿತ, ಬ್ರೋಕರೇಜ್ ಎರಡೂ ಸೇರಿದರೆ ಹತ್ತು ಸಾವಿರ ರೂಪಾಯಿಯಂಥ ಸಣ್ಣ ಮೊತ್ತ ಕೊಂಡ ದಿನವೇ ನಷ್ಟದಲ್ಲಿರುತ್ತದೆ.