ಸಣ್ಣ ಚಿತ್ರಕ್ಕೆ ಯೂಟ್ಯೂಬ್: ಪರದೆ ದೊಡ್ಡದು, ಗಲ್ಲಾಪೆಟ್ಟಿಗೆ ಚಿಕ್ಕದು

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಬಗ್ಗೆ, ಅವರ ಜಾಗಕ್ಕೆ ಬರುತ್ತಿರುವ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆಯ ಫೈಬರ್ ದೋಟಿಯ ಬಗ್ಗೆ ನಾನು ಮಾಡಿದ ಸಾಕ್ಷ್ಯಚಿತ್ರ 28 ನಿಮಿಷದ್ದು. ಈ ಉದ್ದದ ಚಿತ್ರವನ್ನು ಯಾವ ಟಾಕೀಸಿನವರೂ ಹಾಕುವುದಿಲ್ಲ, ಟಿವಿಯವರು ಕೇಳುವುದೂ ಇಲ್ಲ. ಹಾಗಾಗಿ ಯೂಟ್ಯೂಬ್ ಮತ್ತು ಅದರಂಥದ್ದೇ ಇನ್ನೊಂದು ವಿಡಿಯೊ ತಾಣವಾದ ವಿಮಿಯೋ ಎರಡನ್ನೂ ಬಳಸಿದೆ. ಸಾಗರದ ಆಚೆಯ ಹಳ್ಳಿಯೊಂದರಲ್ಲಿ ಕುಳಿತು ಚಿತ್ರ ಮಾಡುವವನ ಅಭಿಪ್ರಾಯ ಇದು. ಬೆಂಗಳೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡವರ ಲೆಕ್ಕ ಬೇರೆ ಇರಬಹುದು.

ಮೊದಲು ಅಪ್‌ಲೋಡ್ ವಿಚಾರ. ಫೋನ್ ಸಂಖ್ಯೆ ಕೊಟ್ಟು ಖಾತೆಯನ್ನು ದೃಢಪಡಿಸದಿದ್ದರೆ ಯೂಟ್ಯೂಬ್ 15 ನಿಮಿಷಕ್ಕಿಂತ ಉದ್ದದ ವಿಡಿಯೊ ತೆಗೆದುಕೊಳ್ಳುವುದಿಲ್ಲ. ದೃಢಪಡಿಸಿದರೆ 12 ಗಂಟೆಯವರೆಗೂ ಅವಕಾಶ. ಅವರು ಹೇಳುವ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಇಷ್ಟು ಡೇಟಾ ಎಂಬ ಲೆಕ್ಕದಲ್ಲಿ) ನನ್ನ ಚಿತ್ರ 1080ಪಿಯಲ್ಲಿ ಸುಮಾರು 1.7 ಜಿಬಿ ಆಗುತ್ತದೆ, 4ಕೆಯಲ್ಲಿ ಏಳರಿಂದ ಒಂಬತ್ತು ಜಿಬಿ. ಜುಲೈ ತಿಂಗಳಲ್ಲಿ, ಗಾಳಿಗೆ ಮರ ಬಿದ್ದು ತಂತಿ ತುಂಡಾಗುವ ನಮ್ಮ ಕಡೆ, ಒಂಬತ್ತು ಜಿಬಿ ಮೇಲೇರಿಸುವುದು ಹರಕೆ ಹೊತ್ತು ಮಾಡಬೇಕಾದ ಕೆಲಸ. ಆದರೆ ಒಂದು ಉಪಕಾರವಿದೆ: ನಡುವೆ ನೆಟ್ ಹೋದರೆ 24 ಗಂಟೆಯೊಳಗೆ ಅದೇ ಫೈಲನ್ನು ಮತ್ತೆ ಆರಿಸಿದರೆ ಸಾಕು, ನಿಂತಲ್ಲಿಂದ ಮುಂದುವರಿಯುತ್ತದೆ. ಮೇಲೇರಿದ ಕೂಡಲೇ ಲಿಂಕ್ ಹಂಚುವ ಆತುರ ಬೇಡ. ಮೊದಲು ಸಿದ್ಧವಾಗುವುದು ಮಸುಕು ಆವೃತ್ತಿ. 4ಕೆ ಬರಲು ಇನ್ನೂ ಹೊತ್ತು ಹಿಡಿಯುತ್ತದೆ. ಆ ಅವಸರದಲ್ಲಿ ನೋಡಿದವರು ಕ್ಯಾಮೆರಾ ಕೆಲಸವನ್ನೇ ಬೈಯುತ್ತಾರೆ.

ಹಣದ ವಿಷಯವನ್ನು ಸುಳ್ಳು ಆಸೆ ಇಟ್ಟುಕೊಳ್ಳದೆ ನೋಡಬೇಕು. ಜಾಹೀರಾತಿನ ಆದಾಯದಲ್ಲಿ ಶೇ. 55 ಚಿತ್ರ ಮಾಡಿದವರಿಗೆ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಪಾಲು ಶುರುವಾಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು. ಗಂಟೆಗಳನ್ನು ನಿಮಿಷಕ್ಕೆ ಇಳಿಸಿದರೆ 2,40,000. ನನ್ನ ಚಿತ್ರವನ್ನು ಪ್ರತಿಯೊಬ್ಬರೂ ಶೀರ್ಷಿಕೆಯಿಂದ ಕೃತಜ್ಞತೆಯ ಪಟ್ಟಿಯವರೆಗೆ ನೋಡಿದರೂ ಎಂಟೂವರೆ ಸಾವಿರ ಜನ ಬೇಕು. ಅರ್ಧಕ್ಕೆ ಎದ್ದು ಹೋದರೆ ಹದಿನೇಳು ಸಾವಿರ. ದಿನಕ್ಕೊಂದು ಅಡುಗೆ ವಿಡಿಯೊ ಹಾಕುವವರಿಗೆ ಮಾಡಿದ ನಿಯಮ ಇದು, ಎರಡು ವರ್ಷಕ್ಕೊಂದು ಚಿತ್ರ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದಲ್ಲ.

ನೋಡುಗರಿಂದ ಹಣ ಪಡೆದು ಚಿತ್ರ ತೋರಿಸುವ ವಿಮಿಯೋ ಆನ್ ಡಿಮಾಂಡ್‌ನ ಲೆಕ್ಕ ಉದಾರವಾಗಿದೆ: ವಹಿವಾಟಿನ ಖರ್ಚು ಕಳೆದ ಮೇಲೆ ಶೇ. 90 ನಿರ್ದೇಶಕರಿಗೆ. ತೊಂದರೆ ಏನೆಂದರೆ, ನಮ್ಮ ತೋಟದ ಪಕ್ಕದ ಭಟ್ಟರು ಖಾತೆ ತೆರೆದು, ಕಾರ್ಡ್ ಸಂಖ್ಯೆ ಬರೆದು ನನ್ನ ಚಿತ್ರವನ್ನು ಬಾಡಿಗೆಗೆ ಪಡೆಯುವವರಲ್ಲ. 'ಯೂಟ್ಯೂಬಲ್ಲಿ ಹಾಕು ಮಾರಾಯ, ನೋಡ್ತೇನೆ' ಎಂದುಬಿಟ್ಟರು. ಶೇ. 90 ಯಾವುದರದ್ದು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಆದರೂ ವಿಮಿಯೋಗೆ ಕೊಟ್ಟ ಚಂದಾ ನನಗೆ ನಷ್ಟವೆನಿಸಲಿಲ್ಲ. ಅಲ್ಲಿ ಪಾಸ್‌ವರ್ಡ್ ಹಾಕಿ ಚಿತ್ರೋತ್ಸವಗಳಿಗೆ ಲಿಂಕ್ ಕಳಿಸಬಹುದು. ಅದಕ್ಕಿಂತ ಮುಖ್ಯ, ಹಳೆಯ ಫೈಲ್ ತೆಗೆದು ಹೊಸದನ್ನು ಹಾಕಿದರೂ ಲಿಂಕ್ ಬದಲಾಗುವುದಿಲ್ಲ. ಆಯ್ಕೆ ಸಮಿತಿಗೆ ಕಳಿಸಿದ ಮೇಲೆ ಬಣ್ಣ ತಿದ್ದಿದೆ, ಮಳೆಯ ಸದ್ದನ್ನು ಸ್ವಲ್ಪ ತಗ್ಗಿಸಿದೆ. ಯಾರಿಗೂ ಮತ್ತೆ ಪತ್ರ ಬರೆಯಬೇಕಾಗಲಿಲ್ಲ. ಯೂಟ್ಯೂಬ್‌ನಲ್ಲಿ ತುಂಡು ಕತ್ತರಿಸಬಹುದು, ಸಬ್‌ಟೈಟಲ್ ತಿದ್ದಬಹುದು, ಆದರೆ ಫೈಲನ್ನೇ ಬದಲಿಸುವಂತಿಲ್ಲ. ಇನ್ನೊಂದು ಎಚ್ಚರ: ಎಲ್ಲರಿಗೂ ಕಾಣುವಂತೆ ಅಂತರಜಾಲದಲ್ಲಿ ಹಾಕಿದ ಚಿತ್ರವನ್ನು ಎಷ್ಟೋ ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಉತ್ಸವಗಳ ಸರದಿ ಮುಗಿಯಲಿ, ಆಮೇಲೆ ಊರಿಗೆ ತೋರಿಸಿ.

ಊರಿಗೆ ತೋರಿಸುವುದರಲ್ಲಿ ಯೂಟ್ಯೂಬ್‌ಗೆ ಸಾಟಿಯಿಲ್ಲ. ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲಿಂಕ್ ಬಿದ್ದದ್ದೇ ತಡ, ಶೃಂಗೇರಿ, ಕೊಪ್ಪ, ಶಿರಸಿಯಿಂದ ಪ್ರತಿಕ್ರಿಯೆ ಬಂದವು. ಅವುಗಳಲ್ಲಿ ಅರ್ಧ ಚಿತ್ರದ ಬಗ್ಗೆ, ಉಳಿದರ್ಧ ದೋಟಿ ಎಲ್ಲಿ ಸಿಗುತ್ತದೆ ಎಂದು. 1973ರಲ್ಲೇ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದ ಸೀಮೆ ಇದು. ಒಟ್ಟಿಗೆ ಕುಳಿತು ನೋಡಿ ಜಗಳವಾಡುವ ಸುಖ ಮೊಬೈಲಿನಲ್ಲಿ ಇಲ್ಲ. ಪ್ರೀಮಿಯರ್ ಎಂಬ ಸೌಲಭ್ಯ ಅದಕ್ಕೆ ಕೊಂಚ ಹತ್ತಿರ: ಹೇಳಿದ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ಶುರುವಾಗುತ್ತದೆ, ಪಕ್ಕದಲ್ಲಿ ಮಾತೂ ಓಡುತ್ತಿರುತ್ತದೆ.

ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರೇಕ್ಷಕರು ಯಾವ ಕ್ಷಣದಲ್ಲಿ ಎದ್ದು ಹೋದರೆಂದು ತೋರಿಸುವ ಗೆರೆಯೊಂದಿದೆ. ನನ್ನ ಚಿತ್ರ ಶುರುವಾಗುವುದು ಮಳೆಯಿಂದ: ಹೆಂಚಿನ ಅಂಚಿನಿಂದ ನೀರಿಳಿಯುತ್ತದೆ, ಜಗಲಿಯಲ್ಲಿ ಒಬ್ಬರು ಎಲೆಗೆ ಸುಣ್ಣ ಸವರುತ್ತಾರೆ, ಮಾತಿಲ್ಲ. ಗೆರೆ ಅಲ್ಲೇ ಧೊಪ್ಪನೆ ಕುಸಿಯುತ್ತದೆ. ಮತ್ತೆ ಸ್ವಲ್ಪ ಮೇಲೇಳುವುದು, ಕೊನೆಗೌಡರು ಮರದ ತಲೆಯಲ್ಲಿ ಕುಳಿತು ತೂಗಿಕೊಂಡು ಪಕ್ಕದ ಮರವನ್ನು ಹಿಡಿಯುವಾಗ. ಅಲ್ಲಿ ಜನ ಹಿಂದಕ್ಕೆಳೆದು ಎರಡನೇ ಸಲ ನೋಡಿದ್ದಾರೆ. ಆ ಗೆರೆ ಸುಳ್ಳು ಹೇಳುವುದಿಲ್ಲ, ಆದರೆ ಅದರ ಮಾತು ಕೇಳಿ ಸಂಕಲನ ಮಾಡಿದರೆ ಮಲೆನಾಡಿನ ಚಿತ್ರದಲ್ಲಿ ಮಳೆಯೇ ಇರುವುದಿಲ್ಲ. ನಾನು ಚಿತ್ರವನ್ನು ಮುಟ್ಟಲಿಲ್ಲ. ಟ್ರೈಲರನ್ನು ಮಾತ್ರ ಮರದ ಮೇಲಿಂದ ಶುರುಮಾಡಿದೆ.

ಯೂಟ್ಯೂಬ್‌ನಲ್ಲಿ ಸಂಗೀತದ ತಕರಾರಿಗೂ ಸಿದ್ಧರಿರಿ. ನಮ್ಮ ಮನೆಯಂಗಳದಲ್ಲಿ ನಾನೇ ಧ್ವನಿಮುದ್ರಿಸಿದ ಹೆಂಗಸರ ಹಾಡಿಗೆ ಒಂದು ಆಡಿಯೊ ಕಂಪನಿ ಹಕ್ಕು ಸಾಧಿಸಿತು. ಆಕ್ಷೇಪಣೆ ಸಲ್ಲಿಸಬಹುದು, ಆದರೆ ಅದನ್ನು ಮೊದಲು ಪರಿಶೀಲಿಸುವುದು ಹಕ್ಕು ಕೇಳಿದವರೇ, ಅದಕ್ಕೆ ಅವರಿಗೆ 30 ದಿನ. ಧ್ವನಿಮುದ್ರಣದ ಮೂಲ ಫೈಲನ್ನೂ ಹಾಡಿದವರಿಂದ ಬರೆಸಿಕೊಂಡ ಒಪ್ಪಿಗೆಯನ್ನೂ ಎತ್ತಿಟ್ಟಿದ್ದರಿಂದ ನಾನು ಧೈರ್ಯವಾಗಿ ಆಕ್ಷೇಪಿಸಿದೆ; ಕಂಪನಿ ಹಿಂದೆ ಸರಿಯಿತು. ಚಿತ್ರೀಕರಣದ ದಿನವೇ ಆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ.