ಟೇಪು ಸುತ್ತಿಕೊಂಡು ಚಂದ್ರನ ಮೇಲೆ ಓಡಿದವರು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯ ಕೊನೆ ಪೂರ್ತಿ ಬಯಲಾಗುತ್ತದೆ. ‘ಫಾರ್ ಆಲ್ ಮ್ಯಾನ್‌ಕೈಂಡ್’ ಧಾರಾವಾಹಿಯ ಎರಡನೆಯ ಸೀಸನ್ ನೋಡದವರು ನೋಡಿಕೊಂಡೇ ಇತ್ತ ಬನ್ನಿ. ಆ್ಯಪಲ್ ಟಿವಿಯಲ್ಲಿದೆ. ನಾನು ಚಂದಾ ಕಟ್ಟಲು ಶುರು ಮಾಡಿದಾಗ ತಿಂಗಳಿಗೆ 99 ರೂಪಾಯಿ ಇತ್ತು. ನವಿ ಮುಂಬೈಯ ನಮ್ಮ ನೆರೂಲ್‌ನಲ್ಲಿ ಗಂಡ ಹೆಂಡತಿ ಹೋಟೆಲಿಗೆ ಹೋಗಿ ದೋಸೆ ತಿಂದು ಕಾಫಿ ಕುಡಿದು ಬಂದರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ.

1969ರಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಸೋವಿಯತ್ ಒಕ್ಕೂಟದ ಅಲೆಕ್ಸಿ ಲಿಯೊನೊವ್ ಎಂಬ ಕಲ್ಪನೆಯಿಂದ ಕಥೆ ಹೊರಡುತ್ತದೆ. ಸೋತ ಅಮೆರಿಕ ಹಟಕ್ಕೆ ಬಿದ್ದು ಶ್ಯಾಕಲ್ಟನ್ ಕುಳಿಯ ಬಳಿ ಜೇಮ್ಸ್‌ಟೌನ್ ಎಂಬ ನೆಲೆಯನ್ನೇ ಕಟ್ಟುತ್ತದೆ. ಶ್ಯಾಕಲ್ಟನ್ ನಮಗೂ ಅಪರಿಚಿತ ಊರೇನಲ್ಲ. 2008ರ ನವೆಂಬರ್ 14ರಂದು ಚಂದ್ರಯಾನ–1 ನೌಕೆಯಿಂದ ಕಳಚಿದ, ತ್ರಿವರ್ಣ ಬಳಿದ ಪೆಟ್ಟಿಗೆ ಹೋಗಿ ಅಪ್ಪಳಿಸಿದ್ದು ಅದೇ ಕುಳಿಯ ಆಸುಪಾಸಿನಲ್ಲಿ. ಎರಡನೆಯ ಸೀಸನ್ನಿನ ಹೊತ್ತಿಗೆ ಕಥೆ 1983ಕ್ಕೆ ಬಂದಿದೆ, ಎರಡೂ ದೇಶದವರು ಚಂದ್ರನ ಮೇಲೆ ಬಂದೂಕು ಹಿಡಿದು ನಿಂತಿದ್ದಾರೆ.

ಹತ್ತನೆಯ ಕಂತು, ಅಂದರೆ ಕೊನೆಯದು, ಬಂದದ್ದು 2021ರ ಏಪ್ರಿಲ್ 23ರಂದು. ಆಗ ಮಹಾರಾಷ್ಟ್ರದಲ್ಲಿ ಕೊರೋನಾ ಎರಡನೆಯ ಅಲೆ, ಸುದ್ದಿ ಹಾಕಿದರೆ ಆಮ್ಲಜನಕದ ಸಿಲಿಂಡರಿನದೇ ಮಾತು. ಉಸಿರಿಗಾಗಿ ಒದ್ದಾಡುವ ಕಥೆಯನ್ನು ಆ ದಿನಗಳಲ್ಲಿ ನೋಡಲಾರೆ ಎಂದು ನನ್ನವಳು ಎದ್ದು ಹೋಗಿದ್ದಳು. ಮೊನ್ನೆ ಅವಳನ್ನು ಕೂರಿಸಿಕೊಂಡು ಮತ್ತೆ ನೋಡಿದೆ. ನನ್ನ ಮೆಚ್ಚುಗೆ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಕಾರಣ ಹೇಳಬೇಕೆಂದರೆ ನನ್ನ ಕಸುಬಿನ ವಿಷಯಕ್ಕೆ ಬರಬೇಕು. ಕುಮಟಾದಿಂದ ಬಂದ ನಾನು ನೌಕರಿಯ ಕಾಲವನ್ನೆಲ್ಲ ಮುಂಬೈನ ಟ್ರಾಂಬೆಯಲ್ಲಿ ಪರಮಾಣು ರಿಯಾಕ್ಟರುಗಳ ಉಪಕರಣ ನಿರ್ವಹಣೆಯಲ್ಲೇ ಕಳೆದವನು. ಪರದೆಯ ಮೇಲೆ ರಿಯಾಕ್ಟರ್ ಬಂತೆಂದರೆ ಸಾಮಾನ್ಯವಾಗಿ ನನಗೆ ನಗು ಬರುತ್ತದೆ. ಕೆಂಪು ದೀಪ, ಸೈರನ್, ಕೊನೆಯ ಸೆಕೆಂಡಿನಲ್ಲಿ ಯಾರೋ ಒಂದು ಗುಂಡಿ ಒತ್ತಿದರೆ ಎಲ್ಲವೂ ತಣ್ಣಗೆ. ಇಲ್ಲಿ ಹಾಗಿಲ್ಲ. ಸೋವಿಯತ್ ಗಗನಯಾತ್ರಿಗಳು ನೆಲೆಯೊಳಗೆ ನುಗ್ಗಿದಾಗ ಹಾರಿದ ಗುಂಡುಗಳಿಂದ ಕೆಡುವುದು ರಿಯಾಕ್ಟರಿನ ತಂಪಾಗಿಸುವ ವ್ಯವಸ್ಥೆಯ ನಿಯಂತ್ರಣ. ಇಡೀ ಸೀಸನ್ನಿನ ರಾಜಕೀಯ, ಹಗೆ, ಬೇಹುಗಾರಿಕೆ ಎಲ್ಲವೂ ಬಂದು ನಿಲ್ಲುವುದು ‘ಶಾಖ ಹೊರಗೆ ಹೋಗಬೇಕು’ ಎಂಬ ಒಂದೇ ಲೆಕ್ಕದ ಮೇಲೆ. ಬರೆದವರ ಕಾಲು ಮುಟ್ಟಿ ನಮಸ್ಕರಿಸೋಣ ಎನ್ನಿಸಿತು.

ರಿಯಾಕ್ಟರ್ ಎಂದರೆ ಸ್ವಿಚ್ ಒತ್ತಿದೊಡನೆ ಆರುವ ವಸ್ತುವಲ್ಲ. ಪರಮಾಣುಗಳು ಒಂದರ ಹಿಂದೊಂದು ಸೀಳುವ ಸರಣಿ ಕ್ರಿಯೆ ನಿಂತ ಮರುಕ್ಷಣದಲ್ಲೂ ಪೂರ್ಣ ಸಾಮರ್ಥ್ಯದ ಶೇ. 6–7ರಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಆ ಸೀಳುವಿಕೆಯಿಂದ, ಅಂದರೆ ವಿದಳನದಿಂದ, ಉಳಿದ ವಸ್ತುಗಳು ಕ್ಷಯಿಸುತ್ತಾ ಅದನ್ನು ಕೊಡುತ್ತವೆ. ಒಂದು ಗಂಟೆಯ ನಂತರವೂ ಶೇ. 1ಕ್ಕಿಂತ ಹೆಚ್ಚು. 2011ರಲ್ಲಿ ಫುಕುಶಿಮಾದ ರಿಯಾಕ್ಟರುಗಳು ಭೂಕಂಪವಾದೊಡನೆ ನಿಯಮದಂತೆ ನಿಂತಿದ್ದವು. ಅನಾಹುತವಾದದ್ದು ಸುನಾಮಿಯಿಂದ ವಿದ್ಯುತ್ ಹೋಗಿ ತಂಪಾಗಿಸುವ ಕೆಲಸ ನಿಂತದ್ದರಿಂದ. ಚಂದ್ರನ ಮೇಲಂತೂ ಗಾಳಿಯೂ ಇಲ್ಲ, ಸಮುದ್ರವೂ ಇಲ್ಲ. ಶಾಖವನ್ನು ಆಕಾಶಕ್ಕೆ ವಿಕಿರಣವಾಗಿಯೇ ಚೆಲ್ಲಬೇಕು.

ಈಗ ಆ ದೃಶ್ಯ. ಗಾರ್ಡೊ ಮತ್ತು ಟ್ರೇಸಿ ವಿಚ್ಛೇದನವಾದ ದಂಪತಿ, ಇಬ್ಬರೂ ಗಗನಯಾತ್ರಿಗಳು. ನೆಲೆಯ ಒಂದು ಭಾಗದಲ್ಲಿ ಸಿಕ್ಕಿಕೊಂಡಿದ್ದಾರೆ. ಸರಿಪಡಿಸಬೇಕಾದ ಸಂಪರ್ಕ ಹೊರಗಿದೆ, ಅಂತರಿಕ್ಷದ ಉಡುಪು ಕೈಗೆಟುಕುವಲ್ಲಿ ಇಲ್ಲ. ಇರುವುದು ಡಕ್ಟ್ ಟೇಪಿನ ಸುರುಳಿಗಳು. ಒಬ್ಬರಿಗೊಬ್ಬರು ಮೈಯೆಲ್ಲ ಟೇಪು ಸುತ್ತುತ್ತಾರೆ.

ನಮ್ಮಲ್ಲಿಯೂ ವಿಕಿರಣ ಇರುವ ಜಾಗಕ್ಕೆ ಇಳಿಯುವ ಮೊದಲು ಕೈಗವಸಿಗೂ ಅಂಗಿಯ ತೋಳಿಗೂ ಸಂದು ಉಳಿಯದಂತೆ ಟೇಪು ಸುತ್ತುವ ಪದ್ಧತಿ ಇತ್ತು. ನಮ್ಮ ಮಣಿಕಟ್ಟಿಗೆ ನಾವೇ ಸುತ್ತಿಕೊಳ್ಳಲು ಆಗುವುದಿಲ್ಲ, ಜೊತೆಗಾರನಿಗೆ ಕೈ ಚಾಚಿ ನಿಲ್ಲಬೇಕು. ಸುತ್ತಿ ಮುಗಿಸಿ ತುದಿಯನ್ನು ಒಂದಿಷ್ಟು ಮಡಚಿ ಬಿಡುತ್ತಿದ್ದೆವು, ಆಮೇಲೆ ಬಿಚ್ಚುವಾಗ ಹಿಡಿದೆಳೆಯಲು ಅನುಕೂಲವಾಗಲಿ ಎಂದು. ಚಂದ್ರನ ಮೇಲಿನ ಆ ಇಬ್ಬರಿಗೆ ತುದಿ ಮಡಚುವ ಪುರುಸೊತ್ತು ಎಲ್ಲಿಂದ ಬರಬೇಕು? ಟೇಪು ಚರ್ರನೆ ಹರಿಯುವ ಸದ್ದಿಗೆ ನನ್ನ ಕೈಯೇ ಮುಂದಕ್ಕೆ ಹೋಯಿತು. “ರೀ, ಸುಮ್ಮನೆ ಕೂತುಕೊಳ್ಳಿ” ಎಂದಳು ನನ್ನವಳು.

ಟೇಪಿನ ಯೋಚನೆ ಬರೀ ಹುಚ್ಚಾಟವಲ್ಲ. ಗಾಳಿ ತುಂಬದೆ, ಮೈಗೆ ಬಿಗಿಯಾಗಿ ಅಂಟುವ ಬಟ್ಟೆಯಿಂದಲೇ ಒತ್ತಡ ಕೊಡುವ ಉಡುಪನ್ನು ಅಮೆರಿಕದಲ್ಲಿ 1960ರ ದಶಕದ ಕೊನೆಯಲ್ಲೇ ಪ್ರಯೋಗಿಸಿದ್ದರು. 1972ರಲ್ಲಿ ಅಪೊಲೊ–17ರವರು ಮುರಿದ ಬಂಡಿಯ ಮಡ್‌ಗಾರ್ಡನ್ನು ನಕಾಶೆಯ ಹಾಳೆ, ಟೇಪು ಹಚ್ಚಿ ಸರಿಮಾಡಿಕೊಂಡದ್ದೂ ಚಂದ್ರನ ಮೇಲೆಯೇ. ಆದರೆ ಉಸಿರಾಟಕ್ಕೆ ಬೇಕಾದ ಗಾಳಿಯ ಒತ್ತಡವನ್ನು ಟೇಪು ಕೊಡಲಾರದು. ನಿರ್ವಾತದಲ್ಲಿ ಪ್ರಜ್ಞೆ ಉಳಿಯುವುದು ಹತ್ತು ಹದಿನೈದು ಸೆಕೆಂಡು ಮಾತ್ರ. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞನ ಉಡುಪಿನ ಕೊಳವೆ ಕಳಚಿ ಇದು ನಿಜವಾಗಿಯೇ ನಡೆದಿತ್ತು. ನಾಲಿಗೆಯ ಮೇಲಿನ ಎಂಜಲು ಕುದಿದಂತಾದದ್ದೇ ಆತನಿಗೆ ಉಳಿದ ಕೊನೆಯ ನೆನಪು. ತಕ್ಷಣ ಗಾಳಿ ತುಂಬಿದ್ದರಿಂದ ಬದುಕಿಕೊಂಡ.

ಗಾರ್ಡೊ, ಟ್ರೇಸಿ ಬದುಕುವುದಿಲ್ಲ. ಕೆಲಸ ಮುಗಿಸಿ ಒಳಗೆ ಬಂದು ಬೀಳುತ್ತಾರೆ, ಅಷ್ಟೇ. ಈ ಪಾತ್ರಗಳನ್ನು ಮಾಡಿದ ಮೈಕೆಲ್ ಡೋರ್ಮನ್, ಸಾರಾ ಜೋನ್ಸ್ ಇಬ್ಬರೂ ಇಲ್ಲಿ ವೀರಾವೇಶ ತೋರಿಸುವುದಿಲ್ಲ. ಹೊರಡುವ ಮೊದಲು ಹಳೆಯ ಗಂಡ ಹೆಂಡಿರಂತೆ ಮಾತಾಡಿಕೊಳ್ಳುತ್ತಾರೆ, ಇದೂ ಒಂದು ಪಾಳಿಯ ಕೆಲಸ ಎಂಬಂತೆ. ಪಾಳಿಯಲ್ಲಿ ದುಡಿದವರಿಗೆ ಆ ಧಾಟಿ ಗೊತ್ತು.

ನನ್ನ ತಕರಾರೂ ಇದೆ. ಅಷ್ಟು ಮುಖ್ಯವಾದ ತಂಪಾಗಿಸುವ ನಿಯಂತ್ರಣಕ್ಕೆ ಒಳಗಿನಿಂದ ಬದಲಿ ದಾರಿ ಇಟ್ಟಿಲ್ಲವೆಂದರೆ ಆ ನಕ್ಷೆಗೆ ಸಹಿ ಹಾಕಿದವನನ್ನು ಕರೆಸಿ ವಿಚಾರಿಸಬೇಕು. ಒಂದೇ ದಾರಿಯನ್ನು ನಂಬಬಾರದೆಂಬುದು ಈ ಕಸುಬಿನ ಮೊದಲ ಪಾಠ. ಇನ್ನೊಬ್ಬ ಗಗನಯಾತ್ರಿ ಎಡ್ ಬಾಲ್ಡ್ವಿನ್‌ನ ಹೆಂಡತಿ ಮತ್ತು ಗಾರ್ಡೊನ ಮಗನ ಸಂಬಂಧದ ಪ್ರಕರಣವನ್ನು ತೆಗೆದು ಹಾಕಿದ್ದರೂ ಸೀಸನ್ನಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಮೊದಲ ನಾಲ್ಕೈದು ಕಂತು ಆಮೆಯ ನಡಿಗೆ. ತಾಳ್ಮೆ ಬೇಕು.

ಚಂದ್ರನ ಮೇಲೆ ಇದು ನಡೆಯುವಾಗಲೇ ಭೂಮಿಯ ಕಕ್ಷೆಯಲ್ಲಿ ಅಪೊಲೊ–ಸೊಯುಜ್, ಅಂದರೆ ಅಮೆರಿಕದ ಮತ್ತು ಸೋವಿಯತ್ತಿನ ನೌಕೆಗಳ ಜೋಡಣೆ. ನಿಜವಾದ ಇತಿಹಾಸದಲ್ಲಿ ಆ ಹಸ್ತಲಾಘವ 1975ರ ಜುಲೈ 17ರಂದು ಸಮಾಧಾನವಾಗಿಯೇ ನಡೆಯಿತು. ಇಲ್ಲಿ ಯುದ್ಧದ ಅಂಚಿನಲ್ಲಿ, ಮೇಲಧಿಕಾರಿಗಳು ಬೇಡವೆಂದರೂ ಅಮೆರಿಕದ ಗಗನಯಾತ್ರಿ ಡೇನಿಯಲ್ ಪೂಲ್ ನೌಕೆಯನ್ನು ಜೋಡಿಸಿ ಕೈ ಚಾಚುತ್ತಾಳೆ. ಆ ಪಾತ್ರ ಮಾಡಿದ ಕ್ರಿಸ್ ಮಾರ್ಷಲ್‌ಳ ಮುಖವನ್ನು ಆಗ ನೋಡಬೇಕು. ಇನ್ನೊಂದು ಕಡೆ ಎಡ್ ಎದುರಾಳಿಯ ಬುರಾನ್ ನೌಕೆಗೆ ಗುರಿಯಿಡುವ ಬದಲು ತಮ್ಮದೇ ಸೀ ಡ್ರ್ಯಾಗನ್ ರಾಕೆಟನ್ನು ಹೊಡೆದು ನಾಶಮಾಡಿ ಬಿಡುತ್ತಾನೆ. ಮೂರು ಕಡೆಯ ಕಥೆಯನ್ನು ಹೀಗೆ ಒಟ್ಟಿಗೆ ಎಳೆದರೂ ದಾರ ಎಲ್ಲೂ ಸಿಕ್ಕಾಗಿಲ್ಲ. ನನಗಂತೂ ನಡುವೆ ಒಂದು ಯೋಚನೆ: ಇವರು ಹೀಗೆ ಕಾದಾಡಿದ್ದರೆ 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಸೊಯುಜ್ ಹತ್ತುವುದು ಆಗುತ್ತಿತ್ತೇ?

ಕೊನೆಗೆ ಒಮ್ಮೆಲೇ 1995. ನಿರ್ವಾಣ ತಂಡದ ಹಾಡು, ಮಂಗಳನ ಕೆಂಪು ನೆಲ, ಒಂದು ಬೂಟು. ಯಾರ ಬೂಟು ಎಂದು ತೋರಿಸುವುದಿಲ್ಲ. ಅಮೆರಿಕದ್ದೇ, ಸೋವಿಯತ್ತಿನದೇ ಎಂದು ನಮ್ಮ ಮನೆಯಲ್ಲಿ ಊಟ ಬಡಿಸುವ ತನಕ ವಾದ ನಡೆಯಿತು.

ಹತ್ತಕ್ಕೆ ಒಂಬತ್ತೂವರೆ. ಆ ಅರ್ಧ ಅಂಕ ಬದಲಿ ದಾರಿ ಇಡದ ನಕ್ಷೆಗಾಗಿ ಕಳೆದದ್ದು. ಹಾರ್ಬರ್ ಲೈನಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನಿನಲ್ಲಿ ನೋಡಬೇಡಿ. ಒಂದು ಗಂಟೆಗೂ ಮೀರಿದ ಕಂತು, ಮನೆಯಲ್ಲಿ ದೊಡ್ಡ ಪರದೆಯ ಮೇಲೆ, ಕುಕ್ಕರಿನ ಸೀಟಿಯೆಲ್ಲ ಮುಗಿದ ಮೇಲೆ ಹಾಕಿಕೊಳ್ಳಿ.