ಡ್ರಾಯಿಂಗ್ ಟ್ಯಾಬ್ ತಗೊಳ್ಳೋ ಮುಂಚೆ ಪೆನ್ನು ನೋಡಿ

ಡಿಜಿಟಲ್ ಪೇಂಟಿಂಗ್ ಕಲಿಯೋಕೆ ಟ್ಯಾಬ್ಲೆಟ್ ಹುಡುಕುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ನನ್ನ ತಂಗಿ ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟಿದ್ದ ಹಣ ಒಬ್ಬ ಅಂಗಡಿಯವನ ಸುಳ್ಳಿಗೆ ಹೋಯಿತು. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿ. ಚಿತ್ರ ಬಿಡಿಸೋಕೆ ಬೇಕು, ಒತ್ತಿದರೆ ಗೆರೆ ದಪ್ಪ ಬರಬೇಕು, ಹಗುರವಾಗಿ ಎಳೆದರೆ ಸಣ್ಣ ಬರಬೇಕು ಅಂತ ಅವಳು ಸ್ಪಷ್ಟವಾಗಿ ಕೇಳಿದಳು. "ಬರುತ್ತೆ ಮೇಡಂ, 4096 ಪ್ರೆಷರ್ ಇದೆ" ಅಂದ. ಅಂದರೆ ಕೈ ಒತ್ತಡದ ಅಷ್ಟು ಹಂತಗಳನ್ನು ಪೆನ್ ಗುರುತಿಸುತ್ತೆ ಅಂತ. ಕೊಟ್ಟಿದ್ದು ಮಾಮೂಲಿ ಆಂಡ್ರಾಯ್ಡ್ ಟ್ಯಾಬ್, ಜೊತೆಗೊಂದು ಪೆನ್. ಪೆನ್ನಿನ ತುದಿಯಲ್ಲಿ ಬಟಾಣಿ ಗಾತ್ರದ ಪ್ಲಾಸ್ಟಿಕ್ ಬಿಲ್ಲೆ.

ಮನೆಗೆ ಬಂದು ಒಂದು ಕಣ್ಣು ಬಿಡಿಸಲು ಕೂತಳು. ರೆಪ್ಪೆಯ ಕೂದಲು ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತಾ ಸಣ್ಣಗಾಗಬೇಕಲ್ವಾ? ಮೆಲ್ಲಗೆ ಎಳೆದರೂ ಅದೇ ಗೆರೆ, ಒತ್ತಿ ಎಳೆದರೂ ಅದೇ ಗೆರೆ, ಜೊತೆಗೆ ಅಂಗೈ ತಾಗಿದ ಕಡೆಯೆಲ್ಲ ಚುಕ್ಕೆಗಳು. ಬೆರಳಲ್ಲಿ ಎಳೆದು ನೋಡಿದಳು. ಅದೂ ಹಾಗೇ ಬಂತು.

ಯಾಕೆಂದರೆ ಅದು ಕೆಪಾಸಿಟಿವ್ ಪೆನ್. ಅದನ್ನು ಪರದೆ ಬೆರಳು ಅಂತಲೇ ತಿಳಿಯುತ್ತದೆ. ಒತ್ತಡ ಅಳೆಯುವ ಯಾವ ಭಾಗವೂ ಅದರಲ್ಲಿಲ್ಲ. ಯಾವ ಆಪ್ ಹಾಕಿದರೂ ಇಲ್ಲದ ಒತ್ತಡ ಬರುವುದಿಲ್ಲ.

ವಾಪಸ್ ಕೊಡಲು ಹೋದರೆ, ಪೆನ್ ಸರಿಯಾಗಿದೆ, ಸಾಫ್ಟ್‌ವೇರ್ ತೊಂದರೆ, ಲ್ಯಾಪ್‌ಟಾಪ್ ತನ್ನಿ, 500 ರೂಪಾಯಿಗೆ ಫೋಟೋಶಾಪ್ ಹಾಕಿಕೊಡುತ್ತೇನೆ, ಟ್ಯಾಬ್ ಅದಕ್ಕೆ ಜೋಡಿಸಿದರೆ ಎಲ್ಲ ಸರಿಹೋಗುತ್ತೆ ಅಂದ. ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿದ. ಸ್ವಲ್ಪ ದಿನಕ್ಕೆ ಅವಳ ಇನ್‌ಸ್ಟಾಗ್ರಾಮ್‌ನಲ್ಲಿ, ಅವಳು ಚಿತ್ರ ಹಾಕುತ್ತಿದ್ದ ಪೇಜಿನಲ್ಲೇ, ಕ್ರಿಪ್ಟೋ ಹಣ ದುಪ್ಪಟ್ಟು ಮಾಡಿಕೊಡುವ ಜಾಹೀರಾತು ಬರಲು ಶುರುವಾಯಿತು. ಅವನು ಹಾಕಿದ್ದು ಕ್ರ್ಯಾಕ್ ಮಾಡಿದ, ಅಂದರೆ ಬೀಗ ಒಡೆದ ಕಳ್ಳ ಪ್ರತಿ. ಇಂಥ ಸಾಫ್ಟ್‌ವೇರ್ ಜೊತೆ ಬರುವ ಕೆಲವು ವೈರಸ್‌ಗಳಿಗೆ ಪಾಸ್‌ವರ್ಡ್ ಕೂಡ ಬೇಕಿಲ್ಲ, ಬ್ರೌಸರ್‌ನಲ್ಲಿ ಲಾಗಿನ್ ಆಗಿಯೇ ಇರುವ ಖಾತೆಗಳನ್ನು ಹಾಗೇ ಎತ್ತಿಕೊಂಡು ಹೋಗುತ್ತವೆ. ಆಂಟಿವೈರಸ್ ಆಫ್ ಮಾಡಿ ಅಂತ ಯಾರು ಹೇಳಿದರೂ ಅಲ್ಲಿಗೇ ನಿಲ್ಲಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಬನ್ನಿ. ನಾವು ಕೊನೆಗೆ ವಿಂಡೋಸ್ ಅನ್ನೇ ಹೊಸದಾಗಿ ಹಾಕಿಸಬೇಕಾಯಿತು.

ಈಗ ಅವಳ ಹತ್ತಿರ ಪರದೆ ಇಲ್ಲದ, ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆನ್ ಟ್ಯಾಬ್ಲೆಟ್ ಇದೆ. ವ್ಯಾಕಮ್, ಹುಯಾನ್, ಎಕ್ಸ್‌ಪಿ-ಪೆನ್ ಇವೆಲ್ಲ ಇಂಥವನ್ನು ಮಾಡುತ್ತವೆ. ಕಲಿಯುವವರಿಗೆ ಸುಮಾರು 6 ಇಂಚು ಅಗಲ, 4 ಇಂಚು ಎತ್ತರದ್ದು ಸಾಕು. 4096 ಮತ್ತು 8192 ಪ್ರೆಷರ್ ನಡುವಿನ ವ್ಯತ್ಯಾಸ ಶುರುವಿನಲ್ಲಿ ಕೈಗೆ ಗೊತ್ತೇ ಆಗುವುದಿಲ್ಲ, ಆ ಅಂಕಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ, ಇದು ಮೊದಮೊದಲು ಕಷ್ಟ. ಆಮೇಲೆ ರೂಢಿಯಾಗುತ್ತೆ.

ಅಂಗಡಿಯಲ್ಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ, ಪೆನ್ನನ್ನು ಟ್ಯಾಬ್ಲೆಟ್‌ಗೆ ತಾಗಿಸದೆ ಅರ್ಧ ಸೆಂಟಿಮೀಟರ್ ಮೇಲೆ ಆಡಿಸಿ. ಕರ್ಸರ್ ಓಡಾಡಬೇಕು. ಆಮೇಲೆ ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ತೆರೆದು, ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿರುವ ಟೆಸ್ಟರ್‌ನಲ್ಲಿ ಗೆರೆ ಎಳೆಯಿರಿ, ಒತ್ತಿದಂತೆ ಪ್ರೆಷರ್ ಅಂಕಿ ಏರಬೇಕು. ಏರದಿದ್ದರೆ ಅಲ್ಲೇ ಪೆನ್ನಿನ ಒತ್ತಡವನ್ನು ಸಾಫ್ಟ್‌ವೇರ್‌ಗೆ ತಲುಪಿಸೋಕೆ ವಿಂಡೋಸ್ ಇಂಕ್, ವಿನ್‌ಟ್ಯಾಬ್ ಅಂತ ಎರಡು ಆಯ್ಕೆ ಇವೆ, ಬದಲಿಸಿ ನೋಡಿ. ಬೇರೆ ಕಂಪನಿಯ ಟ್ಯಾಬ್ಲೆಟ್‌ನ ಹಳೇ ಡ್ರೈವರ್ (ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್) ಇದ್ದರೆ ಮೊದಲು ತೆಗೆಯಿರಿ, ಎರಡು ಡ್ರೈವರ್ ಒಟ್ಟಿಗಿದ್ದರೆ ಕಿತ್ತಾಟ ಆಗಬಹುದು. ಟ್ಯಾಬ್ಲೆಟ್ ಮೇಲೆ ಒಂದು ಬಳೆ ಇಟ್ಟು ಅದರ ಸುತ್ತ ಪೆನ್ ಎಳೆದೂ ನೋಡಿ. ಪರದೆಯಲ್ಲಿ ಮೊಟ್ಟೆಯಾಕಾರ ಬಂದರೆ ಟ್ಯಾಬ್ಲೆಟ್ ಕೆಟ್ಟಿಲ್ಲ, ಡ್ರೈವರ್‌ನಲ್ಲಿ ಅದರ ಅಳತೆಯನ್ನು ಪರದೆಯ ಅನುಪಾತಕ್ಕೆ ಹೊಂದಿಸಬೇಕು, ಅಷ್ಟೇ.

ಕ್ರಿಟಾ ಪೂರ್ತಿ ಉಚಿತ. ಅದರದೇ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ, ಗೇಮ್ ಮಾರುವ ಸ್ಟೀಮ್ ಸ್ಟೋರ್‌ನಲ್ಲಿ ಅದಕ್ಕೆ ದುಡ್ಡು ಕೇಳುತ್ತದೆ, ಅದು ಮೋಸವಲ್ಲ, ಅಭಿವೃದ್ಧಿಗೆ ಹೋಗುವ ಹಣ. ಕಲಿಯುವ ಹಂತದಲ್ಲಿ ಫೋಟೋಶಾಪ್ ಬೇಕೇ ಬೇಕು ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಪರದೆ ಮೇಲೇ ಬಿಡಿಸಬೇಕು ಅನ್ನುವವರು ಎಸ್ ಪೆನ್ ಬರುವ ಸ್ಯಾಮ್‌ಸಂಗ್ ಟ್ಯಾಬ್ ನೋಡಬಹುದು, ಅದರಲ್ಲಿ ಪ್ರೆಷರ್ ನಿಜಕ್ಕೂ ಇದೆ. ಐಪ್ಯಾಡ್ ಆದರೆ ಒಂದು ವಿಷಯ: 2023ರಲ್ಲಿ ಬಂದ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ನಲ್ಲಿ ಪ್ರೆಷರ್ ಇಲ್ಲ! ಬೆಲೆ ಕಡಿಮೆ ಅಂತ ಅದನ್ನೇ ತಗೊಂಡು ಬೇಜಾರಾಗಬೇಡಿ. ನಿಮ್ಮ ಐಪ್ಯಾಡ್ ಮಾಡೆಲ್‌ಗೆ ಪ್ರೆಷರ್ ಇರುವ ಯಾವ ಪೆನ್ಸಿಲ್ ಹೊಂದುತ್ತದೆ ಅಂತ ನೋಡಿ ತಗೊಳ್ಳಿ.

ಅಂಗಡಿಯವನು ಹಣ ವಾಪಸ್ ಕೊಟ್ಟಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇವೆ. ನಮಗೆ ತೊಡಕಾಗಿರುವುದು ಬಿಲ್. ಅದರಲ್ಲಿ ಬರೀ "ಟ್ಯಾಬ್ ವಿತ್ ಪೆನ್" ಅಂತ ಇದೆ, 4096 ಅಂದಿದ್ದು ಬಾಯಿಮಾತು. ನೀವು ತಗೊಳ್ಳುವಾಗ ಬಿಲ್‌ನಲ್ಲಿ ಮಾಡೆಲ್ ನಂಬರ್ ಮತ್ತು "ಪ್ರೆಷರ್ ಇರುವ ಪೆನ್" ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.